ಕೈಯಲ್ಲೊಂದು ನಕ್ಷೆ, ಗುಡ್ಡದ ಬುಡದಲ್ಲೊಂದು ಕೇರಿ

ಗೋವಾಕ್ಕೆ ಹೋಗಿ ಬೀಚಿಗೆ ಕಾಲಿಡದೆ ಬಂದೆವು ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. "ಮತ್ತೇನು ನೋಡಿ ಬಂದ್ರಿ?" ಎಂದು ಪಕ್ಕದ ಮನೆಯವರು ಕೇಳಿದಾಗ ನನ್ನ ಹತ್ತು ವರ್ಷದ ಮಗ ಥಟ್ಟನೆ ಹೇಳಿದ: "ಹೆಂಚು ನೋಡಿ ಬಂದ್ವಿ!"

ಅವನು ಹೇಳಿದ್ದು ಸುಳ್ಳಲ್ಲ.

ಏಳನೇ ತರಗತಿಯ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಹಳೆಯ ಬಡಾವಣೆಯಲ್ಲಿ ಸ್ವತಃ ನಡೆದು ಅದರ ನಕ್ಷೆ ಬರೆಯಬೇಕು. ಅವಳು ಆರಿಸಿದ್ದು ಪಣಜಿಯ ಫೊಂಟೈನ್ಹಾಸ್. ಮನೆಯವರಿಗೆ ರಜೆ ಸಿಗಲಿಲ್ಲ. ನಾನು, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. "ನಿಧಾನಕ್ಕ ನಡಿಯೂದಾದ್ರ ಅಷ್ಟ ನಾನು ಬರ್ತೀನಿ" ಎಂಬುದು ಅತ್ತೆಯ ಷರತ್ತು. ಗೈಡ್ ಬೇಡ, ನಾವೇ ಹುಡುಕುತ್ತ ಹೋಗಬೇಕು ಎಂಬುದು ಮಗಳ ಷರತ್ತು. ಧಾರವಾಡದಿಂದ ಬೆಳಗಾವಿ ದಾಟಿ, ಚೋರ್ಲಾ ಘಾಟಿಯ ತಿರುವುಗಳಲ್ಲಿ ಮಗನ ಹೊಟ್ಟೆ ತೊಳಸಿ, ಸಂಜೆ ಪಣಜಿ ತಲುಪಿ ಬಸ್ ನಿಲ್ದಾಣದ ಹತ್ತಿರವೇ ಉಳಿದುಕೊಂಡೆವು.

ಕದಂಬರ ನಿಲ್ದಾಣದಿಂದ ಹೊರಟು

ಬೆಳಿಗ್ಗೆ ಆರೂವರೆಗೆ ಹೊರಟಾಗ ಮಗಳಿಗೆ ಮೊದಲ ಅಚ್ಚರಿ ಬಸ್ ನಿಲ್ದಾಣದಲ್ಲೇ ಸಿಕ್ಕಿತು. ಗೋವಾದ ಸರ್ಕಾರಿ ಬಸ್ಸುಗಳ ಮೇಲೆಲ್ಲ 'ಕದಂಬ' ಎಂಬ ಹೆಸರು. "ನಮ್ಮ ಬನವಾಸಿ ಕದಂಬರಾ?" ಎಂದಳು. ಹೌದು, ಆ ವಂಶದ್ದೇ ಒಂದು ಶಾಖೆ. ಗೋವಾದ ಕದಂಬರು ಇಲ್ಲಿಂದ ಆಳಿದರು. ನಮ್ಮ ಬೆಳಗಾವಿ ಜಿಲ್ಲೆಯ ಹಲಸಿಯೂ ಅವರಿಗೆ ಮುಖ್ಯ ಪಟ್ಟಣವಾಗಿತ್ತು. ನಕ್ಷೆಯ ಮೂಲೆಯಲ್ಲಿ ಅವಳು ಮೊದಲ ಗುರುತು ಹಾಕಿಕೊಂಡಳು.

ಅವಳ ನಕ್ಷೆ ಸರಳವಾಗಿತ್ತು. ಬಲಕ್ಕೆ ಔರೆಂ ತೊರೆ, ಎಡಕ್ಕೆ ಆಲ್ತಿನ್ಹೊ ಗುಡ್ಡ. ಎರಡರ ನಡುವೆ ಸಿಕ್ಕಿಹಾಕಿಕೊಂಡಂತೆ ಉದ್ದುದ್ದ ಓಣಿಗಳು. ಅದೇ ಫೊಂಟೈನ್ಹಾಸ್. ಪೋರ್ಚುಗೀಸ್ ಭಾಷೆಯಲ್ಲಿ ಈ ಹೆಸರಿಗೆ 'ಪುಟ್ಟ ಬುಗ್ಗೆಗಳು' ಎಂದು ಅರ್ಥ. ಗುಡ್ಡದ ಬುಡದಲ್ಲಿ ಜಿನುಗುವ ನೀರಿನಿಂದ ಕೇರಿಗೆ ಈ ಹೆಸರು ಬಂತು.

ತೊರೆ ದಾಟಿ ಓಣಿಗೆ ಕಾಲಿಟ್ಟಾಗ ಮಕ್ಕಳಿಬ್ಬರೂ ಒಮ್ಮೆಲೇ ಸುಮ್ಮನಾದರು. ಒಂದು ಮನೆ ಅರಿಸಿನ ಬಣ್ಣ, ಪಕ್ಕದ್ದು ನೀಲಿ, ಅದರಾಚೆಯದು ಕಾವಿ ಕೆಂಪು, ಮುಂದಿನದು ಎಳೆ ಹಸಿರು. ಕಿಟಕಿ ಬಾಗಿಲುಗಳ ಸುತ್ತ ಬಿಳಿ ಅಂಚು, ಸೀರೆಗೆ ಅಂಚು ಇಟ್ಟ ಹಾಗೆ. ಓಣಿಯ ಮೇಲೆ ಬಾಗಿದ ಕಬ್ಬಿಣದ ಜಾಲರಿಯ ಮೊಗಸಾಲೆ, ಸೂರಿನ ತುದಿಯಲ್ಲೊಂದು ಮಣ್ಣಿನ ಹುಂಜ. ಮನೆಗಳಿಗೆ ಪೂರ್ತಿ ಬಿಳಿ ಬಣ್ಣ ಹಚ್ಚಬಾರದು, ಅದು ಚರ್ಚುಗಳಿಗೆ ಮೀಸಲು ಎಂಬ ಪದ್ಧತಿ ಪೋರ್ಚುಗೀಸರ ಕಾಲದಲ್ಲಿ ಇತ್ತಂತೆ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಬಣ್ಣ ಬಳಿಸಬೇಕೆಂಬ ಕಟ್ಟಳೆಯೂ ಇತ್ತು ಎನ್ನುತ್ತಾರೆ. ಜಂಬಿಟ್ಟಿಗೆ ಕಲ್ಲು, ಸುಣ್ಣದ ಗಾರೆ. ಇಲ್ಲಿಯ ಮಳೆಗೆ ಹಾಗೇ ಬಿಟ್ಟರೆ ಗೋಡೆ ಹಾವಸೆ ಹಿಡಿಯದೆ ಇರುತ್ತದೆಯೆ?

ಕೆಲವು ಹಳೆಯ ಕಿಟಕಿಗಳಿಗೆ ಗಾಜಿನ ಬದಲು ಕಡಲಚಿಪ್ಪಿನ ತೆಳುವಾದ ಬಿಲ್ಲೆಗಳನ್ನು ಕೂರಿಸಿದ್ದರು. ಬೆಳಕು ಒಳಗೆ ಹೋಗುತ್ತದೆ, ಬಿಸಿಲಿನ ಝಳ ಹೋಗುವುದಿಲ್ಲ. ಒಳಗಿನವರು ಹೊರಗಿನವರಿಗೆ ಕಾಣುವುದೂ ಇಲ್ಲ.

ಈ ಕೇರಿ ಮೊದಲು ತೆಂಗಿನ ತೋಟವಾಗಿತ್ತು. ಆಫ್ರಿಕಾದ ಮೊಜಾಂಬಿಕ್‌ನಲ್ಲಿ ದುಡಿದು ಹಣವಂತನಾಗಿ ಮರಳಿದ ಆಂತೋನಿಯೊ ಜೊವಾಂವ್ ದ ಸಿಕ್ವೇರಾ ಎಂಬಾತ 18ನೇ ಶತಮಾನದಲ್ಲಿ ಇಲ್ಲಿ ತೋಟ ಮಾಡಿದ. ಮೊಜಾಂಬಿಕ್‌ನಿಂದ ಬಂದವನೆಂದು ಜನ ಅವನನ್ನು 'ಮೊಸ್ಮಿಕಾರ್' ಎಂದು ಕರೆದರು. ಆಗ ರಾಜಧಾನಿ ಇದ್ದದ್ದು ಈಗಿನ ಹಳೇ ಗೋವಾದಲ್ಲಿ. ಅಲ್ಲಿ ಮೇಲಿಂದ ಮೇಲೆ ರೋಗರುಜಿನ ಬಂದು ಜನ ಸತ್ತು, ಊರು ಬರಿದಾಗತೊಡಗಿತು. 1759ರಲ್ಲಿ ವೈಸರಾಯ್ ಪಣಜಿಗೆ ಬಂದು ನೆಲೆಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಅಧಿಕಾರಿಗಳು, ಗುಮಾಸ್ತರು, ವ್ಯಾಪಾರಿಗಳು ಮನೆಗೆ ಜಾಗ ಹುಡುಕುತ್ತ ಬಂದಂತೆ ತೋಟ ಕೇರಿಯಾಯಿತು.

ನಾನು ಮಾಡಿದ ತಪ್ಪು

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ನೀಲಿ ಮನೆ ಕಾಣಿಸಿತು.

ಕಡು ನೀಲಿ ಗೋಡೆ, ಹಳದಿ ಅಂಚು, ಕೆಂಪು ಕಾವಿಯ ನಾಲ್ಕು ಮೆಟ್ಟಿಲು, ಮೆಟ್ಟಿಲ ಪಕ್ಕ ಕುಂಡಗಳು. "ಅಲ್ಲಿ ಕೂಡು, ಒಂದು ಫೋಟೊ ತೆಗೀತೀನಿ" ಎಂದು ಮಗನನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಮಗಳನ್ನು ಬಾಗಿಲಿಗೆ ಒರಗಿ ನಿಲ್ಲು ಎಂದೆ. ಅವಳು ಹಿಂದೆ ಮುಂದೆ ನೋಡಿದಳು. ನಾನೇ ಒತ್ತಾಯಿಸಿದೆ. ಒಂದು ಕುಂಡ ಅಡ್ಡ ಬರುತ್ತಿತ್ತು. ಅದನ್ನೂ ಎತ್ತಿ ಆಚೆ ಇಟ್ಟೆ. ಮಗ ಜೋರಾಗಿ ನಕ್ಕ. ನಾನೂ ನಕ್ಕೆ.

ಮೇಲಿನ ಕಿಟಕಿ ತೆರೆಯಿತು. ಎಪ್ಪತ್ತು ದಾಟಿದ ಹೆಂಗಸು. ಇಂಗ್ಲಿಷಿನಲ್ಲಿ, ಕೂಗದೆ, ಆದರೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ಇದು ಮನೆ. ಸಿನಿಮಾ ಸೆಟ್ ಅಲ್ಲ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ದಿನವೂ ಶಾಲೆಯಲ್ಲಿ ಮಕ್ಕಳಿಗೆ ಶಿಸ್ತು ಹೇಳುವವಳು ನಾನು. ನನ್ನ ಮಕ್ಕಳ ಎದುರಿಗೇ ಹೀಗೆ ನಿಂತಿದ್ದೆ.

ಅತ್ತೆ ಮುಂದೆ ಬಂದರು. ಮೊದಲು ಆ ಕುಂಡವನ್ನು ಎತ್ತಿ ಇದ್ದ ಜಾಗದಲ್ಲೇ ಇಟ್ಟರು. ಮಗನ ಕೈ ಹಿಡಿದು ಮೆಟ್ಟಿಲಿಂದ ಇಳಿಸಿದರು. ಆಮೇಲೆ ಮೇಲೆ ನೋಡಿ ತಮ್ಮ ಹಳೆಯ ಮರಾಠಿಯಲ್ಲಿ, "ತಪ್ಪಾಯ್ತು ಬಾಯಿ. ನಮ್ಮ ಮನಿ ಕಟ್ಟಿ ಮ್ಯಾಲೆ ಯಾರರ ಹಿಂಗ ಮಾಡಿದ್ರ ನಾನೂ ಬೈತಿದ್ದೆ" ಎಂಬರ್ಥದ ಮಾತು ಹೇಳಿದರು.

ಆ ಹೆಂಗಸಿನ ದನಿ ಇಳಿಯಿತು. ಕೊಂಕಣಿ ಬೆರೆತ ಮರಾಠಿಯಲ್ಲಿ ಹೇಳಿಕೊಂಡರು. ಗಂಡನಿಗೆ ಹುಷಾರಿಲ್ಲ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಬೆಳಗಾದರೆ ಸಾಕು, ಯಾರಾದರೊಬ್ಬರು ಮೆಟ್ಟಿಲ ಮೇಲೆ ಇರುತ್ತಾರೆ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಬಂದವರು ಕರೆಗಂಟೆ ಒತ್ತಿ, ಬಾಗಿಲು ಸ್ವಲ್ಪ ತೆರೆದಿಡಿ ಎಂದು ಕೇಳುತ್ತಾರೆ. "ಸಾಮಾನು ತರಲು ಹೊರಗೆ ಬರುವುದಕ್ಕೂ ಅವರ ಫೋಟೊ ಮುಗಿಯಲಿ ಎಂದು ಕಾಯಬೇಕು."

"ಇಷ್ಟು ದೊಡ್ಡ ಮನೆ, ಯಾರು ನೋಡಿಕೊಳ್ಳುತ್ತಾರೆ?" ಅತ್ತೆ ಕೇಳಿದರು.

ಮಕ್ಕಳಿಬ್ಬರೂ ಪರದೇಶದಲ್ಲಿದ್ದಾರೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಮಳೆ ಮುಗಿದ ಮೇಲೆ ಬಣ್ಣ. ಎರಡಕ್ಕೂ ದುಡ್ಡು ಬೇಕು, ಆಳು ಬೇಕು. ಮಾರಿಬಿಡಿ ಎಂದು ಕೇಳಲು ಬರುವವರು ಬೇಕಾದಷ್ಟು ಮಂದಿ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಧಾರವಾಡದಲ್ಲಿ ಅವರ ತವರುಮನೆಯೂ ಹೆಂಚಿನದೇ. ಅಣ್ಣತಮ್ಮಂದಿರು ಪಾಲಾದಾಗ ಅದು ಮಾರಾಟವಾಯಿತು. ಈಗ ಅಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿದೆ. ಅದನ್ನು ಎರಡೇ ಮಾತಿನಲ್ಲಿ ಹೇಳಿ, "ನಿಮ್ಮದು ಉಳಿದಿದೆ" ಎಂದರು.

"ನೋಡಬೇಡಿ ಅನ್ನುವುದಿಲ್ಲ" ಎಂದರು ಆ ಹೆಂಗಸು. "ಕೇಳಿ ನೋಡಿ. ಮೆಲ್ಲಗೆ ನೋಡಿ." ಇಷ್ಟು ಹೇಳಿ ಕಿಟಕಿ ಮುಚ್ಚಿಕೊಂಡರು. ನಮ್ಮನ್ನು ಒಳಗೆ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ಓಣಿಯ ತುದಿಗೆ ಬಂದ ಮೇಲೆ ಮಕ್ಕಳ ಎದುರಿಗೇ ಆ ಫೋಟೊ ಅಳಿಸಿದೆ. ಮಗ ಕೇಳಿದ: "ಅಮ್ಮಾ, ನಿನಗ ಬೈದ್ರಲ್ಲ, ಸಿಟ್ಟು ಬರಲಿಲ್ಲೇನು?" "ಬೈಸಿಕೊಳ್ಳೋ ಕೆಲಸ ಮಾಡಿದ್ದೆ" ಎಂದೆ. ಆಮೇಲೆ ನೋಡಿದರೆ, ಫೋಟೊ ತೆಗೆಯಬೇಡಿ, ಗದ್ದಲ ಮಾಡಬೇಡಿ ಎಂಬ ಸಣ್ಣ ಫಲಕಗಳು ಎಷ್ಟೋ ಬಾಗಿಲುಗಳ ಪಕ್ಕ ಇದ್ದವು. ಬಣ್ಣ ನೋಡುವ ಭರದಲ್ಲಿ ನಾನು ಒಂದನ್ನೂ ಓದಿರಲಿಲ್ಲ.

ನಮ್ಮ ಮನೆಯ ಮಾತು, ಅವರ ಮನೆಯ ಮಾತು

ಸೈಕಲ್ಲಿನ ಹಾರ್ನ್ 'ಪೋಂ ಪೋಂ' ಎಂದಿತು. ಹಿಂದೆ ದೊಡ್ಡ ಬುಟ್ಟಿ, ಅದರ ಮೇಲೆ ಬಟ್ಟೆ. ಮನೆ ಮನೆಗೆ ಬ್ರೆಡ್ ಮಾರುವ ಪೊದೇರ್. ನಮ್ಮಲ್ಲಿ ಹಾಲಿನವರು ಬಂದ ಹಾಗೆ ಇಲ್ಲಿ ಬೆಳಿಗ್ಗೆ ಸಂಜೆ ಇವರು ಬರುತ್ತಾರೆ. ಗೋಧಿ ತವುಡು ಹಾಕಿದ 'ಪೊಯ್' ಕೊಂಡು ಬೀದಿಯಂಚಿನ ಚಹಾದಂಗಡಿಯಲ್ಲಿ ಕುಳಿತೆವು.

"ಆಕೆ ಕಿಟಕಿಗೆ ಜನೇಲ್ ಅಂದ್ಲು, ಕೇಳಿದಿಯೇನು?" ಎಂದರು ಅತ್ತೆ. "ಕಾರವಾರ ಕಡೆಯ ನಮ್ಮಜ್ಜಿನೂ ಹಂಗ ಅಂತಿದ್ಲು." ಜನೇಲ ಪೋರ್ಚುಗೀಸ್ ಶಬ್ದ. ಅಷ್ಟು ಸಾಕಾಯಿತು, ಮಕ್ಕಳಿಗೆ ಆಟ ಶುರುವಾಯಿತು. ನಾವು ಬೀಗಕ್ಕೆ ಹಾಕುವ ಚಾವಿ, ಅಪ್ಪನ ಪಗಾರ, ಸಾರಿಗೆ ಹಾಕುವ ಬಟಾಟಿ, ನೀರು ತುಂಬುವ ಬಾಲ್ದಿ, ಬಟ್ಟೆ ಇಡುವ ಅಲಮಾರಿ, ಅನಾನಸು, ಪಾದ್ರಿ, ಪಾವ್‌ಭಾಜಿಯ ಪಾವ್, ಎಲ್ಲವೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಮಾತುಗಳು. "ಅಂದ್ರ ನಾವು ದಿನಾ ಪೋರ್ಚುಗೀಸ್ ಮಾತಾಡ್ತೀವಿ!" ಎಂದು ಮಗ ಹಿಗ್ಗಿದ.

ಹತ್ತಿರದ ಹಳೆಯ ಬೇಕರಿಯಲ್ಲಿ ಬೆಬಿಂಕಾ ಇತ್ತು. ತೆಂಗಿನಹಾಲು, ಮೈದಾ, ಸಕ್ಕರೆ, ತುಪ್ಪ, ಮೊಟ್ಟೆಯ ಹಳದಿ ಸೇರಿಸಿ ಒಂದು ಪದರ ಬೆಂದ ಮೇಲೆ ಅದರ ಮೇಲೆ ಇನ್ನೊಂದು ಪದರ ಹೊಯ್ದು ಬೇಯಿಸುವ ಸಿಹಿ. ಮೊಟ್ಟೆ ಎಂದ ಕೂಡಲೇ ಅತ್ತೆ ತಟ್ಟೆ ಸರಿಸಿದರು. ಮಕ್ಕಳು ಪದರ ಎಣಿಸುತ್ತ ತಿಂದು ಮುಗಿಸಿದರು.

"ಎತ್ತಿ ನೋಡವ್ವ, ತೂಕ ಐತಿ"

ಇನ್ನೊಂದು ಓಣಿಯಲ್ಲಿ ಒಂದು ಮನೆಯ ಮಾಡು ಬಿಚ್ಚಿದ್ದರು. ಗೋಡೆಗೆ ಒರಗಿಸಿ ಹೆಂಚು ಒಟ್ಟಿತ್ತು. ಮಗಳು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದಳು. ಮೇಲೆ ತೊಲೆಯ ಮೇಲೆ ಕುಳಿತಿದ್ದ ಕೆಲಸಗಾರರನ್ನು ನೋಡಿ ಹಿಂದಿಯಲ್ಲಿ, "ನೋಡಬಹುದೆ?" ಎಂದು ಕೇಳಿದಳು.

"ಎತ್ತಿ ನೋಡವ್ವ, ತೂಕ ಐತಿ. ಕಾಲಮ್ಯಾಲೆ ಹಾಕ್ಕೊಂಡೀ!" ಎಂದು ಕನ್ನಡದಲ್ಲೇ ಉತ್ತರ ಬಂತು. ನಮ್ಮ ಮಾತು ಅವರ ಕಿವಿಗೆ ಮೊದಲೇ ಬಿದ್ದಿತ್ತು.

ವಿಜಯಪುರ ಜಿಲ್ಲೆಯವರು. ಗೋವಾಕ್ಕೆ ಬಂದು ಹನ್ನೆರಡು ವರ್ಷವಾಯಿತಂತೆ. ಮಗಳು ಹೆಂಚು ತಿರುವಿ ನೋಡಿದಳು. ಅಡಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಕಾರ್ಖಾನೆಯ ಹೆಸರು ಅರ್ಧ ಅಳಿಸಿತ್ತು. ಊರಿನ ಹೆಸರು ಸ್ಪಷ್ಟವಾಗಿತ್ತು: ಮಂಗಳೂರು.

1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ಒಂದಕ್ಕೊಂದು ಕೊಂಡಿಯಂತೆ ಕೂಡುವ ವಿನ್ಯಾಸ. ಅದನ್ನು ನೋಡಿ ಬೇರೆಯವರೂ ಕಾರ್ಖಾನೆ ಹಾಕಿದರು. ಮಂಗಳೂರು ಹೆಂಚು ಹಡಗು ಹತ್ತಿ ದೇಶದ ಆಚೆಗೂ ಹೋಯಿತು. ಪೋರ್ಚುಗೀಸರ ಗೋವಾದ ಮಾಡುಗಳ ಮೇಲೂ ಕುಳಿತಿತು. ನಮ್ಮ ಧಾರವಾಡದ ಹಳೆಯ ಮನೆಗಳ ಮೇಲೂ ಅದೇ.

"ನೀವು ಈ ಊರಾಗ ಏನೇನು ನೋಡೀರಿ?" ಎಂದು ಮಗ ಕೇಳಿದ.

"ನಾನು ಎಲ್ಲಾ ಮನೀನೂ ಮ್ಯಾಲಿಂದ ನೋಡೇನಿ ತಮ್ಮಾ. ನೀವು ಕೆಳಗಿಂದ ನೋಡಾಕತ್ತೀರಿ" ಎಂದು ನಕ್ಕರು. ಆಮೇಲೆ ತಾವಾಗಿಯೇ ಹೇಳಿದರು. ಹಳೆಯ ಹೆಂಚನ್ನು ಒಂದೊಂದಾಗಿ ಇಳಿಸಬೇಕು, ತೊಳೆಯಬೇಕು, ಬೆರಳಿನಿಂದ ತಟ್ಟಿ ನೋಡಬೇಕು. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಸೀಳಿದ್ದರೆ ದನಿ ಸತ್ತಿರುತ್ತದೆ. ಗಟ್ಟಿಯಾದದ್ದು ಮತ್ತೆ ಮೇಲೆ ಹೋಗುತ್ತದೆ. ಮಗ ಒಂದನ್ನು ತಟ್ಟಿ ನೋಡಿದ. ಟಣ್ ಎಂದಿತು.

ಪುಸ್ತಕದಲ್ಲಿ ಪಾರಂಪರಿಕ ಕಟ್ಟಡ ಎಂದು ಓದುತ್ತೇವೆ. ಅದನ್ನು ಯಾರು ಉಳಿಸಿದ್ದಾರೆ ಎಂದು ಮಕ್ಕಳು ಕೇಳಿದರೆ ಇನ್ನು ಮುಂದೆ ನಾನು ಇಬ್ಬರನ್ನು ತೋರಿಸಬಲ್ಲೆ: ಕಿಟಕಿಯಲ್ಲಿ ಕಂಡ ಆ ಹೆಂಗಸು, ತೊಲೆಯ ಮೇಲೆ ಕುಳಿತ ಈ ಕೆಲಸಗಾರ.

ಕಣ್ಣು ತೆರೆದ ಕ್ರಿಸ್ತ, ಗುಡ್ಡದ ಮಾರುತಿ

ಕೇರಿಯ ದಕ್ಷಿಣದ ತುದಿಯಲ್ಲಿ ಸೇಂಟ್ ಸೆಬಾಸ್ಟಿಯನ್ ಪ್ರಾರ್ಥನಾಮಂದಿರವಿದೆ, ಅಚ್ಚ ಬಿಳಿ. ಬೆಳಗಿನ ಪ್ರಾರ್ಥನೆ ಮುಗಿದಿತ್ತು, ಬಾಗಿಲು ತೆರೆದಿತ್ತು. ಕೇಳಿಕೊಂಡೇ ಒಳಗೆ ಹೋದೆವು. ಅಲ್ಲಿಯ ಶಿಲುಬೆಯಲ್ಲಿ ಕ್ರಿಸ್ತನ ಕಣ್ಣು ತೆರೆದಿವೆ. ಸಾಮಾನ್ಯವಾಗಿ ಮುಚ್ಚಿರುತ್ತವೆ. ಈ ಶಿಲುಬೆ ಮೊದಲು ಇದ್ದದ್ದು ಹಳೇ ಗೋವಾದ ಇನ್‌ಕ್ವಿಸಿಷನ್ ಅರಮನೆಯಲ್ಲಿ, ಎಂದರೆ ಜನರ ನಂಬಿಕೆಗಳನ್ನು ವಿಚಾರಣೆ ಮಾಡಿ ಶಿಕ್ಷಿಸುತ್ತಿದ್ದ ನ್ಯಾಯಸ್ಥಾನದಲ್ಲಿ. 1560ರಲ್ಲಿ ಶುರುವಾದ ಅದು ನಡುವೆ ಕೆಲವು ವರ್ಷ ನಿಂತಿತ್ತಾದರೂ ಕೊನೆಗೊಂಡದ್ದು 1812ರಲ್ಲಿ. ಆಮೇಲೆ ಶಿಲುಬೆ ಪಣಜಿಯ ಅರಮನೆಗೆ ಬಂದು, 1918ರಲ್ಲಿ ಇಲ್ಲಿಗೆ ಸೇರಿತು. ವಿಚಾರಣೆಗೆ ನಿಂತವರಲ್ಲಿ ಭಯ ಹುಟ್ಟಲಿ ಎಂದೇ ಕಣ್ಣು ತೆರೆದಂತೆ ಕೆತ್ತಿದರು ಎಂದು ಹೇಳುತ್ತಾರೆ.

ಮಗಳು ಬಹಳ ಹೊತ್ತು ನೋಡಿದಳು. "ನನಗೇನು ಅಂಜಿಕಿ ಬರಲಿಲ್ಲ. ಅಳು ಬಂದಂಗ ಕಾಣಸ್ತಾನ" ಎಂದಳು. ನಾನು ಏನೂ ಸೇರಿಸಲಿಲ್ಲ.

ಅಲ್ಲಿಂದ ಮುಂದೆ ಮಾಳಾ ಕಡೆಗೆ ನಡೆದರೆ ಗುಡ್ಡದ ಬುಡದಲ್ಲಿ ಫೀನಿಕ್ಸ್ ಬುಗ್ಗೆ ಸಿಗುತ್ತದೆ. ಕೇರಿಗೆ ಹೆಸರು ಕೊಟ್ಟ ನೀರು ಇದೇ. ನಲ್ಲಿ ಬರುವ ಮೊದಲು ಸುತ್ತಲಿನ ಮನೆಗಳಿಗೆ ಇಲ್ಲಿಂದಲೇ ನೀರು ಹೋಗುತ್ತಿತ್ತು. ಮಗ ಬಗ್ಗಿ ಕಿವಿಗೊಟ್ಟ.

ಆ ದಿನ ಶನಿವಾರ. ಗುಡ್ಡದ ಇಳಿಜಾರಿನ ಮಾರುತಿ ಗುಡಿ ಕಂಡ ಮೇಲೆ ಅತ್ತೆಯನ್ನು ತಡೆಯುವವರು ಯಾರು? ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಮೊಣಕಾಲು ಒತ್ತಿಕೊಂಡು, ಮೊಮ್ಮಗನ ಹೆಗಲು ಹಿಡಿದು ಏರಿದರು. ಗುಡಿಯ ಕಟ್ಟೆಯ ಮೇಲೆ ಕುಳಿತು ಕೆಳಗೆ ನೋಡಿದೆವು. ಬಣ್ಣದ ಗೋಡೆ ಯಾವುದೂ ಕಾಣಲಿಲ್ಲ. ಕಂಡದ್ದು ಹೆಂಚು, ತೊರೆಯ ತನಕ ಒಂದರ ಪಕ್ಕ ಒಂದು. ಹೊಸ ಕೆಂಪು, ಹಳೆಯ ಕಪ್ಪು, ಅಲ್ಲಲ್ಲಿ ಹಸಿರು ಪಾಚಿ.

"ನಮ್ಮ ತವರುಮನಿ ಮಾಡೂ ಹಿಂಗ ಇತ್ತು" ಎಂದರು ಅತ್ತೆ. "ಮಳಿ ಬಂದ್ರ ಎಲ್ಲಿ ಸೋರತದ ಅಂತ ನಮಗೆಲ್ಲಾ ಬಾಯಿಪಾಠ ಇತ್ತು. ಪಾತೇಲಿ ತಗೊಂಡು ಓಡ್ತಿದ್ವಿ." ಆ ಮನೆಯ ಬಗ್ಗೆ ಅವರು ಮಕ್ಕಳಿಗೆ ಕಥೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳು ನಕ್ಷೆಯ ಹಿಂಬದಿಗೆ ತಿರುವಿ ಬರೆದುಕೊಳ್ಳತೊಡಗಿದಳು: ಪಡಸಾಲೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಸೋರುತ್ತಿದ್ದ ಮೂಲೆ ಯಾವುದು.

ಗುಡ್ಡದ ಇನ್ನೊಂದು ಬದಿಗೆ ಚರ್ಚ್ ಚೌಕವಿದೆ. ಅಷ್ಟು ದೂರ ಅತ್ತೆಗೆ ಆಗದೆಂದು ರಿಕ್ಷಾ ಹಿಡಿದೆವು. ಅಂಕುಡೊಂಕಾಗಿ ಏರುವ ಬಿಳಿ ಮೆಟ್ಟಿಲುಗಳ ಆ ಚರ್ಚಿನ ದೊಡ್ಡ ಗಂಟೆ ಹಳೇ ಗೋವಾದ ಪಾಳುಬಿದ್ದ ಆಗಸ್ಟೀನಿಯನ್ ಚರ್ಚಿನಿಂದ ಬಂದದ್ದು. ಅಲ್ಲಿಂದ ಮಾಂಡವಿ ನದಿಯ ದಂಡೆಗೆ ಹೋದರೆ ಆದಿಲ್‌ಶಾಹಿ ಅರಮನೆ. ವಿಜಯಪುರದ ಸುಲ್ತಾನ 1500ರ ಸುಮಾರಿಗೆ ಕಟ್ಟಿಸಿದ್ದು, ಮುಂದೆ ವೈಸರಾಯ್ ಬಂದು ನೆಲೆಸಿದ್ದೂ ಇದರಲ್ಲೇ. 1510ರಲ್ಲಿ ಬಂದ ಪೋರ್ಚುಗೀಸರು 1961ರ ಡಿಸೆಂಬರ್‌ನಲ್ಲಿ ಹೋದರು. "ಆ ಹೆಂಚಿನ ಮಾಮಾನೂ ವಿಜಯಪುರದವ್ರ" ಎಂದು ಮಗ ನೆನಪಿಸಿದ.

ಮಗಳ ನಕ್ಷೆ ಈಗ ಶಾಲೆಯ ಗೋಡೆಯ ಮೇಲಿದೆ. ತೊರೆ, ಗುಡ್ಡ, ಬುಗ್ಗೆ, ಗುಡಿ, ಎಲ್ಲಕ್ಕೂ ಹೆಸರು ಬರೆದಿದ್ದಾಳೆ. ಒಂದು ಓಣಿಯಲ್ಲಿ ನಾಲ್ಕು ಮೆಟ್ಟಿಲಿನ ನೀಲಿ ಮನೆ ಇದೆ. ಅದಕ್ಕೆ ಹೆಸರಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಇಲ್ಲಿ ಮೆಲ್ಲಗೆ ನಡೆಯಿರಿ' ಎಂದಷ್ಟೇ ಬರೆದಿದ್ದಾಳೆ.

ನೀವು ಹೋಗುವುದಾದರೆ

ದಾರಿ: ಬಸ್ ನಿಲ್ದಾಣ – ಔರೆಂ ತೊರೆ – ಫೊಂಟೈನ್ಹಾಸ್ ಓಣಿಗಳು – ಸೇಂಟ್ ಸೆಬಾಸ್ಟಿಯನ್ ಪ್ರಾರ್ಥನಾಮಂದಿರ – ಫೀನಿಕ್ಸ್ ಬುಗ್ಗೆ – ಮಾರುತಿ ಗುಡಿ – ಚರ್ಚ್ ಚೌಕ – ಆದಿಲ್‌ಶಾಹಿ ಅರಮನೆ. ಹಿರಿಯರು ಜೊತೆಗಿದ್ದರೆ ಅರ್ಧ ದಿನ ಬೇಕು. ಗುಡಿಯಿಂದ ಮುಂದೆ ರಿಕ್ಷಾ ಹಿಡಿಯಬಹುದು.

ಕಾಲ: ನವೆಂಬರ್‌ನಿಂದ ಫೆಬ್ರುವರಿ ನಡಿಗೆಗೆ ಹಿತ. ಬೆಳಗಿನ ತಂಪಿನಲ್ಲಿ ಹೊರಡಿ, ಆದರೆ ಅದು ಅಲ್ಲಿಯವರು ಏಳುವ ಹೊತ್ತು ಎಂಬುದು ನೆನಪಿರಲಿ. ನೀರಿನ ಬಾಟಲಿ, ಟೋಪಿ, ಜಾರದ ಚಪ್ಪಲಿ ಇರಲಿ.

ನಡತೆ: ಮೆಟ್ಟಿಲು, ಕಟ್ಟೆ, ಕುಂಡ, ಕರೆಗಂಟೆ ಮುಟ್ಟಬೇಡಿ. ಫಲಕ ಓದಿ. ಮನೆಯವರ ಫೋಟೊ ಬೇಕೆಂದರೆ ಕೇಳಿ. ಬೇಡ ಎಂದರೆ ನಕ್ಕು ಮುಂದೆ ಹೋಗಿ.

ಮಕ್ಕಳಿಗೊಂದು ಆಟ: ಗೋವಾಕ್ಕೇ ಹೋಗಬೇಕೆಂದಿಲ್ಲ. ನಿಮ್ಮ ಊರಿನ ಅತಿ ಹಳೆಯ ಓಣಿಯನ್ನು ಆರಿಸಿ. ಅಜ್ಜಿಯನ್ನೋ ಅಜ್ಜನನ್ನೋ ಕೈ ಹಿಡಿದು ಕರೆದೊಯ್ಯಿರಿ. ಅವರು ಎಲ್ಲೆಲ್ಲಿ ನಿಲ್ಲುತ್ತಾರೋ ಅಲ್ಲಲ್ಲಿ ನಕ್ಷೆಯಲ್ಲಿ ಒಂದು ಚುಕ್ಕೆ ಇಡಿ. ಯಾಕೆ ನಿಂತರು ಎಂದು ಕೇಳಿ ಬರೆದುಕೊಳ್ಳಿ.